ಪಗಾರದ ರೊಕ್ಕ ಊರೊಳಗೂ ತಿರುಗಲಿ
ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ನೌಕರಿದಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನೌಕರಿದಾರ ಬಂಧುಗಳೇ, ತಾಯಂದಿರೇ,



ಈ ಐದೂರುಗಳಲ್ಲಿ ತಿಂಗಳ ಪಗಾರ ಎಣಿಸುವ ಎಲ್ಲರಿಗೂ ಈ ಪತ್ರ. ಸಿಮೆಂಟ್ ಕಾಲೊನಿಯವರು, ರೈಲ್ವೆ ಕ್ವಾರ್ಟರ್ಸಿನವರು, ಸಾಲಿ ಮಾಸ್ತರರು, ಬ್ಯಾಂಕಿನವರು, ಜೆಸ್ಕಾಂ, ತಹಸೀಲು, ಪುರಸಭೆ, ದವಾಖಾನೆಯವರು ಎಲ್ಲರೂ ಇದರಲ್ಲಿ ಬಂದಿರಿ. ಸರ್ಕಾರಕ್ಕೆ ಮನವಿ ಬರೆಯುವುದು ನಮ್ಮ ಭಾಗದವರಿಗೆ ರೂಢಿ. ಆ ಮನವಿಗಳು ಹೋಗಲಿ, ಹೋಗುತ್ತಲೇ ಇರಲಿ. ಆದರೆ ಸಣ್ಣ ಅಂಗಡಿಯವರು, ತಳ್ಳುಗಾಡಿಯವರು, ಓಣಿಯ ಕೆಲಸಕ್ಕೆ ಮುಂದೆ ನಿಲ್ಲುವ ಹೆಣ್ಣುಮಕ್ಕಳು, ಹಿರಿಯರು, ಇವರ ವಿಷಯದಲ್ಲಿ ಸರ್ಕಾರಕ್ಕಿಂತ ಮೊದಲು ನಿಮ್ಮನ್ನು ಕೇಳಬೇಕಾದ ಕೆಲವು ಮಾತುಗಳಿವೆ. ಸಿಟ್ಟಿಲ್ಲದೆ ಕೇಳುತ್ತೇನೆ. ಸಿಟ್ಟಿಲ್ಲದೆ ಓದಿರಿ.

ನಿಮ್ಮ ಹತ್ತಿರ ಇದ್ದು ಈ ಊರುಗಳ ಉಳಿದವರ ಹತ್ತಿರ ಇಲ್ಲದ್ದು ತಾರೀಖಿಗೆ ಸರಿಯಾಗಿ ಬರುವ ರೊಕ್ಕ. ತೊಗರಿ ಬೆಳೆದವನ ಆದಾಯ ಮಳೆ, ದರ ಹೇಳಿದಂತೆ. ಫರಸಿ ಕಲ್ಲು ಪಾಲಿಶ್ ಮಾಡುವವನದು ಆರ್ಡರ್ ಬಂದಂತೆ. ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋದ ಚಿಂಚೋಳಿ ತಾಂಡಾದವರದು ಮೇಸ್ತ್ರಿ ಕೊಟ್ಟಂತೆ. ಬಸ್ ನಿಲ್ದಾಣದ ಮುಂದೆ ಮಿರ್ಚಿ ಭಜಿ ಕರಿಯುವವಳ ಆದಾಯ ಆ ಸಂಜೆ ಮಳೆ ಬಂತೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ಇವರೆಲ್ಲರ ನಡುವೆ, ಬರುವ ತಿಂಗಳು ಕೈಗೆ ಎಷ್ಟು ಬರುತ್ತದೆ ಎಂದು ಇವತ್ತೇ ಹೇಳಬಲ್ಲವರು ನೀವು ಮಾತ್ರ.

ಆ ರೊಕ್ಕ ಎಲ್ಲಿ ಹೋಗುತ್ತದೆ? ಭಾನುವಾರ ಬೆಳಿಗ್ಗೆ ವಾಡಿ, ಶಹಾಬಾದ್ ಸ್ಟೇಷನ್ನುಗಳಲ್ಲಿ ನಿಂತರೆ ಗೊತ್ತಾಗುತ್ತದೆ. ಹಬ್ಬದ ಅರಿವೆಗೆ ಕಲಬುರಗಿಯ ಸೂಪರ್ ಮಾರ್ಕೆಟ್. ಮದುವೆ ಜವಳಿಗೆ ಹೈದರಾಬಾದ್. ಸೇಡಂ, ಚಿತ್ತಾಪುರದಿಂದ ನೇರ ರೈಲು ಇದೆ, ಚಿಂಚೋಳಿಯವರಿಗೆ ರೈಲಿಲ್ಲದಿದ್ದರೂ ತಾಂಡೂರಿನ ದಾರಿ ಇದೆ. ಉಳಿದದ್ದು ಮೊಬೈಲಿನಲ್ಲಿ. ಸಾಬೂನು, ಬೇಳೆ, ಮಕ್ಕಳ ನೋಟ್‌ಬುಕ್ಕು, ಮಿಕ್ಸಿ ಎಲ್ಲವೂ ಕಾಲೊನಿಯ ಗೇಟಿಗೆ ಬಂದು ಬೀಳುತ್ತದೆ. ಅದನ್ನು ತಂದುಕೊಡುವ ಹುಡುಗ ನಮ್ಮ ಓಣಿಯವನೇ. ಅವನಪ್ಪನ ಕಿರಾಣಿ ಅಂಗಡಿ ಅದೇ ರಸ್ತೆಯಲ್ಲಿರುತ್ತದೆ.

ದವಾಖಾನೆಗೆ ಹೈದರಾಬಾದಿಗೆ ಹೋಗಬೇಡಿ, ಮಗಳ ಮದುವೆ ಸೀರೆ ಇಲ್ಲೇ ಕೊಳ್ಳಿರಿ ಎಂದು ಹೇಳುವಷ್ಟು ಹುಂಬತನ ನನಗಿಲ್ಲ. ಇಲ್ಲಿ ಸಿಗದ್ದಕ್ಕೆ ಹೊರಗೆ ಹೋಗಲೇಬೇಕು. ನನ್ನ ತಕರಾರು ಇಲ್ಲಿ ಸಿಗುವುದಕ್ಕೂ ಹೊರಗೆ ಹೋಗುವುದರ ಬಗ್ಗೆ.

ಈ ಪಗಾರ ಹುಟ್ಟುವುದು ಎಲ್ಲಿಂದ ಎಂಬುದನ್ನೂ ನೋಡಬೇಕು. 1968ರಲ್ಲಿ ವಾಡಿಯಲ್ಲಿ ಎಸಿಸಿ ಕಾರ್ಖಾನೆ ಶುರುವಾಯಿತು. ಆಮೇಲೆ ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತ, ಈಚೆಗೆ ಇಟಗಾ, ಕೋಡ್ಲಾ, ಚಿಂಚೋಳಿ ಕಡೆಯ ಛತ್ರಸಾಲದಲ್ಲೂ ಕಾರ್ಖಾನೆಗಳು. ಎಲ್ಲವೂ ಬಂದದ್ದು ನಮ್ಮ ಹೊಲಗಳ ಕೆಳಗಿರುವ ಸುಣ್ಣದ ಕಲ್ಲಿಗಾಗಿ. ಒಂದು ಟನ್ ಸಿಮೆಂಟಿಗೆ ಹೆಚ್ಚುಕಡಿಮೆ ಒಂದೂವರೆ ಟನ್ ಕಲ್ಲು ಬೇಕು. ಕಲ್ಲು ನೆಲದಿಂದ ಎದ್ದು ಹೋದದ್ದು ತಿರುಗಿ ಬರುವುದಿಲ್ಲ. ಕಂಪನಿಗಳ ಮಾಲೀಕರು ಬದಲಾಗುತ್ತಾರೆ: ಎಸಿಸಿ 2022ರಲ್ಲಿ ಅದಾನಿ ಸಮೂಹದ ಕೈಗೆ ಬಂತು, ವಾಸವದತ್ತ 2025ರಲ್ಲಿ ಅಲ್ಟ್ರಾಟೆಕ್‌ಗೆ ಸೇರಿತು. ಮುಂಬೈಯಲ್ಲೋ ಅಹಮದಾಬಾದಿನಲ್ಲೋ ಕುಳಿತು ಸಹಿ ಮಾಡುವವರಿಗೆ ಸೇಡಂ ಬಜಾರಿನ ಬಾಂಡೆ ಅಂಗಡಿಯ ಗುರುತಿರಬೇಕಿಲ್ಲ. ನಿಮಗೆ ಇದೆ.

ನಮ್ಮದು ಸರ್ಕಾರಿ ಪಗಾರ, ಕಲ್ಲಿನ ರೊಕ್ಕ ಅಲ್ಲ ಎಂದು ಮಾಸ್ತರರು, ಕಚೇರಿಯವರು ಅನ್ನಬಹುದು. ಸರಿ. ಆದರೆ ನಿಮ್ಮಲ್ಲಿ ಎಷ್ಟೋ ಜನ ನೌಕರಿಗೆ ಸೇರಿದ್ದು ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯಲ್ಲಿ. 2012ರ ಡಿಸೆಂಬರಿನಲ್ಲಿ ಸಂಸತ್ತು ಆ ತಿದ್ದುಪಡಿ ಒಪ್ಪಿದ್ದು ಈ ಭಾಗ ಹಿಂದುಳಿದಿದೆ ಎಂಬ ಕಾರಣಕ್ಕೆ. ಹಿಂದುಳಿದ ಭಾಗದ ಹೆಸರಿನಲ್ಲಿ ನೌಕರಿ ಹಿಡಿದು, ಪಗಾರವನ್ನು ಮುಂದುವರಿದ ಭಾಗಕ್ಕೆ ಒಯ್ದು ಸುರಿದರೆ ಲೆಕ್ಕ ಹೇಗೆ ಸರಿಹೋದೀತು?

ಈಗ ಉದ್ರಿಯ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು. ನಾನು ಹುಟ್ಟಿದ್ದು ಶಹಾಬಾದಿನ ಕಿರಾಣಿ ಅಂಗಡಿಯವರ ಮನೆಯಲ್ಲಿ.

ಶಹಾಬಾದಿನಲ್ಲಿ ಕಾರ್ಖಾನೆ ಬಂದ್ ಬಿದ್ದ ಕಾಲ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಮೊದಲು ಪಗಾರ ತಡವಾಯಿತು, ಆಮೇಲೆ ಅರ್ಧ ಬಂತು, ಆಮೇಲೆ ನಿಂತೇ ಹೋಯಿತು. ಗೇಟಿನ ಮುಂದೆ ಧರಣಿ ಕುಳಿತವರು ಸಂಜೆ ನಮ್ಮ ಅಂಗಡಿಗೆ ಬರುತ್ತಿದ್ದರು. ಕೆಂಪು ಬಟ್ಟೆಯ ಬೈಂಡಿನ ಉದ್ದನೆ ಖಾತೆ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಜೋಳ, ಬೇಳೆ, ಒಳ್ಳೆಣ್ಣೆ, ಸಣ್ಣ ಪೊಟ್ಟಣದಲ್ಲಿ ಚಹಾಪುಡಿ. ಅಪ್ಪ ಯಾರಿಗೂ ಇಲ್ಲ ಅನ್ನಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೀಡಿ ಕಟ್ಟಿಗೆ ಇಲ್ಲ ಅಂದದ್ದುಂಟು, ಹಿಟ್ಟಿಗೆ ಅಂದದ್ದಿಲ್ಲ. "ರೊಕ್ಕ ಬಂದಾಗ ಕೊಡ್ರಿ, ಎಲ್ಲಿ ಓಡಿ ಹೋಗ್ತೀರಿ" ಅನ್ನುತ್ತಿದ್ದರು. ಕೆಲವರು ನಿಜಕ್ಕೂ ಊರು ಬಿಟ್ಟರು. ಅವರಲ್ಲಿ ಬಹಳ ಜನ ವರ್ಷಗಳ ಮೇಲೆ ಪುಣೆಯಿಂದ, ಸೊಲ್ಲಾಪುರದಿಂದ ಬಂದು ಬಾಕಿ ಮುಟ್ಟಿಸಿದರು. ಮುಟ್ಟಿಸದೆ ಉಳಿದವರ ಪುಟಗಳು ಹಾಗೇ ಉಳಿದವು.

ಆ ಅಂಗಡಿ ಅಷ್ಟು ತಿಂಗಳು ಹೇಗೆ ನಿಂತಿತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಅಪ್ಪನ ಹಳೆಯ ಲೆಕ್ಕ ತೆಗೆದು ಕುಳಿತಾಗ. ಧರಣಿ ಕುಳಿತವರಿಗೆ ಉದ್ರಿ ಹೋಗುತ್ತಿದ್ದ ಅದೇ ತಿಂಗಳುಗಳಲ್ಲಿ ರೈಲ್ವೆಯವರು, ಮಾಸ್ತರರು, ಅಂಚೆ ಕಚೇರಿಯವರು ನಗದು ಕೊಟ್ಟು ಒಯ್ಯುತ್ತಿದ್ದರು. ಆ ನಗದಿನಿಂದ ಅಪ್ಪ ಕಲಬುರಗಿಯ ಅಡತಿಯವರಿಗೆ ರೊಕ್ಕ ಕಟ್ಟುತ್ತಿದ್ದರು, ಅಡತಿಯಿಂದ ಮತ್ತೆ ಮಾಲು ಬರುತ್ತಿತ್ತು, ಅದೇ ಮಾಲು ಉದ್ರಿಗೆ ಹೋಗುತ್ತಿತ್ತು. ಧರಣಿಯವರ ಹೊಟ್ಟೆ ಹೊರೆದದ್ದು ನಮ್ಮಪ್ಪನ ಧರ್ಮಬುದ್ಧಿ ಎಂದು ಊರವರು ಈಗಲೂ ಹೇಳುತ್ತಾರೆ. ಅದರಲ್ಲಿ ಅರ್ಧ ಪಾಲು ಆ ನಗದು ಗಿರಾಕಿಗಳದು. ಅವರಿಗೇ ಅದು ಗೊತ್ತಿರಲಿಲ್ಲ.

ಇವತ್ತು ಆಗುತ್ತಿರುವುದು ಇದರ ಉಲ್ಟಾ. ನಗದು ಇರುವ ನೀವು ಮೊಬೈಲಿಗೆ, ದೊಡ್ಡ ಮಾರ್ಟಿಗೆ ಹೋದಿರಿ. ಓಣಿಯ ಅಂಗಡಿಗೆ ಉಳಿದದ್ದು ಉದ್ರಿ ಗಿರಾಕಿಗಳಷ್ಟೇ. ನಗದು ಗಿರಾಕಿ ಬಿಟ್ಟು ಹೋದ ಅಂಗಡಿ ಉದ್ರಿ ಗಿರಾಕಿಯನ್ನು ಬಹಳ ದಿನ ಸಾಕಲಾರದು. ಅದು ಮುಚ್ಚಿದ ಮೇಲೆ ಕೂಲಿಯವಳು ಹಿಟ್ಟಿಗೆ ಎಲ್ಲಿ ಹೋಗಬೇಕು? ಯಾವ ಆ್ಯಪೂ ಅವಳಿಗೆ ಶನಿವಾರದವರೆಗೆ ಉದ್ರಿ ಕೊಡುವುದಿಲ್ಲ. ವಾರದ ಕಂತಿನ ಸಾಲದವರು ಮಾತ್ರ ಕೊಡುತ್ತಾರೆ. ಆ ಕಂತಿನ ವಸೂಲಿ ಹೇಗಿರುತ್ತದೆ ಎಂಬುದಕ್ಕೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದೇ ಸಾಕ್ಷಿ. ಓಣಿಯ ಕಿರಾಣಿ ಅಂಗಡಿ ಬಡ್ಡಿ ಇಲ್ಲದ, ಕಾಗದವಿಲ್ಲದ ಬ್ಯಾಂಕು. ಅದರ ಬಂಡವಾಳ ನಿಮ್ಮ ತಿಂಗಳ ಸಂತೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿರಿ. ಒಂದೂರಿನಲ್ಲಿ ಸಾವಿರ ನೌಕರಿದಾರ ಮನೆಗಳು, ಈಗ ಹೊರಗೆ ಹೋಗುತ್ತಿರುವುದರಲ್ಲಿ ತಿಂಗಳಿಗೆ ಎರಡು ಸಾವಿರ ರೂಪಾಯಿಯಷ್ಟು ಖರೀದಿಯನ್ನು ಊರ ಬಜಾರಿಗೆ ತಿರುಗಿಸಿದರೆ ತಿಂಗಳಿಗೆ 20 ಲಕ್ಷ, ವರ್ಷಕ್ಕೆ 2 ಕೋಟಿ 40 ಲಕ್ಷ. ಯಾವ ಯೋಜನೆಯ ಉದ್ಘಾಟನೆಯೂ ಬೇಕಿಲ್ಲ, ಟೆಂಡರೂ ಬೇಕಿಲ್ಲ.

ಅಂಗಡಿಯವರ ಪರವಾಗಿ ಬರೆಯುತ್ತಿದ್ದೇನೆಂದು ಅವರ ತಪ್ಪು ಮುಚ್ಚಿಡುವುದಿಲ್ಲ. ತಾರೀಖು ಮೀರಿದ ಬಿಸ್ಕಿಟ್ ಪೊಟ್ಟಣ ಮುಂದೆ ಸರಿಸುವವರಿದ್ದಾರೆ. ಬಿಲ್ ಕೇಳಿದರೆ ಮೋರೆ ಗಂಟಿಕ್ಕುವವರಿದ್ದಾರೆ. ಕಾಲೊನಿಯವರು ಬಂದರೆ ಒಂದು ರೇಟು, ಓಣಿಯವರಿಗೆ ಇನ್ನೊಂದು ರೇಟು ಹೇಳುವವರೂ ಇದ್ದಾರೆ. ನನ್ನ ಬಳಗದಲ್ಲೇ ಇದ್ದಾರೆ. ಅವರಿಗೆ ಬೇರೆ ಪತ್ರ ಬರೆಯಬೇಕು, ಬರೆಯುತ್ತೇನೆ. ಸದ್ಯಕ್ಕೆ ನಿಮಗಿಷ್ಟು: ಮೋಸವಾದರೆ ಅಂಗಡಿಯವನ ಮುಂದೆ ನಿಂತು ಜಗಳಾಡಿರಿ. ಜಗಳಾಡುವ ಗಿರಾಕಿಯಿಂದ ಅಂಗಡಿ ಸುಧಾರಿಸುತ್ತದೆ, ಬಾರದೇ ಹೋದ ಗಿರಾಕಿಯಿಂದ ಇಲ್ಲ.

ಶಹಾಬಾದ್ ಕಲ್ಲಿನ ಕಥೆಯನ್ನೂ ಹೇಳದೆ ಇರಲಾರೆ. ಮಹಾರಾಷ್ಟ್ರದ ಹಳೆಯ ಅಡುಗೆಮನೆ, ಅಂಗಳಗಳಲ್ಲಿ ಇಂದಿಗೂ ಶಹಾಬಾದಿ ಫರಸಿ ಎಂಬ ಹೆಸರು ನಡೆಯುತ್ತದೆ. ನಮ್ಮೂರಿನ ಹೊಸ ಬಡಾವಣೆಗಳಲ್ಲಿ ನೀವು ಕಟ್ಟಿಸಿದ ಮನೆಗಳ ನೆಲಕ್ಕೆ ಮಾತ್ರ ಗುಜರಾತಿನ ಮೋರ್ಬಿಯಿಂದ ಬಂದ ಟೈಲ್ಸ್. ಪಾಲಿಶ್ ಕಾರ್ಖಾನೆಯ ಮಾಲೀಕರೂ ತಮ್ಮ ಮನೆಗೆ ಅದನ್ನೇ ಹಾಕಿಸಿದ್ದನ್ನು ಕಂಡು ನಕ್ಕಿದ್ದೇನೆ. ಅಂಗಳಕ್ಕೆ, ಮಾಳಿಗೆಗೆ, ಬಚ್ಚಲಿಗೆ, ಹಿತ್ತಲಿಗಾದರೂ ನಮ್ಮ ಕಲ್ಲು ಇರಲಿ. ಕಲ್ಲು ಒಡೆಯುವವರು, ಪಾಲಿಶ್ ಹುಡುಗರು, ಟ್ರ್ಯಾಕ್ಟರ್‌ನವರು, ಹಾಸುವ ಗೌಂಡಿ, ನಾಲ್ಕು ಮನೆಗಳ ಒಲೆ ಅದರಲ್ಲಿ ಉರಿಯುತ್ತದೆ. ತೊಗರಿಬೇಳೆಯದೂ ಇದೇ ಕಥೆ. 2019ರಲ್ಲಿ ನಮ್ಮ ಬೇಳೆಗೆ ಭೌಗೋಳಿಕ ಸೂಚ್ಯಂಕ ಸಿಕ್ಕಾಗ ವಾಟ್ಸಾಪಿನಲ್ಲಿ ಎಲ್ಲರೂ ಹೆಮ್ಮೆಪಟ್ಟೆವು. ಬೇಳೆ ಕೊಳ್ಳುವಾಗ ಯಾವುದೋ ಊರಿನ ಹೊಳೆಯುವ ಪೊಟ್ಟಣ. ಜಿಲ್ಲಾಡಳಿತ ಮಹಿಳಾ ಸಂಘಗಳನ್ನು ಕೂಡಿಸಿ 'ಕಲಬುರಗಿ ರೊಟ್ಟಿ' ಎಂಬ ಹೆಸರು ಕೊಟ್ಟು ಮಾರಾಟಕ್ಕೆ ದಾರಿ ಮಾಡಿದೆ. ನಿಮ್ಮ ಕಚೇರಿಯ ಮೀಟಿಂಗು, ತರಬೇತಿ, ಬೀಳ್ಕೊಡುಗೆಯ ಊಟಕ್ಕೆ ರೊಟ್ಟಿ ಬಡಿಯುವ ನಿಮ್ಮ ಓಣಿಯ ಸಂಘಕ್ಕೆ ಆರ್ಡರ್ ಹೋಗುತ್ತದೆಯೇ ಎಂದು ಒಮ್ಮೆ ಕೇಳಿಕೊಳ್ಳಿರಿ.

ಕಂಪನಿಯ ಖರೀದಿ ಮತ್ತು ಅಕೌಂಟ್ಸ್ ವಿಭಾಗದಲ್ಲಿರುವವರಿಗೆ ಪ್ರತ್ಯೇಕ ಮಾತು. ನಿಮ್ಮ ಒಂದು ಸಹಿ, ಬಜಾರಿನಲ್ಲಿ ನೂರು ಗಿರಾಕಿಗಳು ಮಾಡುವ ಕೆಲಸ ಮಾಡುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವೆಲ್ಡಿಂಗ್ ವರ್ಕ್‌ಶಾಪ್ ಇಟ್ಟಿದ್ದಾನೆ. ದೊಡ್ಡ ಸಂಸ್ಥೆಯೊಂದಕ್ಕೆ ಕೆಲಸ ಮಾಡಿಕೊಟ್ಟು ಬಿಲ್ಲಿಗಾಗಿ ತಿರುಗಿ ತಿರುಗಿ, ಕೊನೆಗೆ ಹೆಂಡತಿಯ ಬಂಗಾರ ಅಡವಿಟ್ಟು ಹುಡುಗರಿಗೆ ಕೂಲಿ ಕೊಟ್ಟ. "ಸರ್, ಕೆಲಸ ಇಲ್ಲಂತ ಅಳೂದಲ್ರಿ, ಮಾಡಿದ್ದಕ್ಕ ರೊಕ್ಕ ಬರಲಾರದಕ್ಕ ಅಳೂದು" ಅಂದ. ಇದಕ್ಕೆ ಕಾನೂನು ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿ ಸಣ್ಣ, ಸಣ್ಣ ಉದ್ಯಮದವರ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕಟ್ಟಬೇಕು. 2023–24ರ ಆರ್ಥಿಕ ವರ್ಷದಿಂದ, ಈ ಅವಧಿಯೊಳಗೆ ಕೊಡದ ಮೊತ್ತವನ್ನು ಕೊಳ್ಳುವ ಕಂಪನಿ ಅದನ್ನು ನಿಜವಾಗಿ ಕೊಟ್ಟ ವರ್ಷಕ್ಕೆ ಮೊದಲು ಖರ್ಚೆಂದು ಆದಾಯ ತೆರಿಗೆಯಲ್ಲಿ ಕಳೆಯುವಂತೆಯೂ ಇಲ್ಲ. ಅಂದರೆ ತಡ ಮಾಡಿದರೆ ನಷ್ಟ ಕಂಪನಿಗೇ. ಆದರೆ ಇದರ ಲಾಭ ಸಿಗಬೇಕಾದರೆ ವೆಲ್ಡಿಂಗಿನವನು, ಲೇಥ್‌ನವನು, ಯೂನಿಫಾರ್ಮ್ ಹೊಲಿಯುವ ದರ್ಜಿ, ಖಾನಾವಳಿ ನಡೆಸುವವಳು ಉದ್ಯಮ್ ನೋಂದಣಿ ಮಾಡಿಸಿರಬೇಕು. ಅದು ಪುಕ್ಕಟೆ. ಏಜೆಂಟರು ಅದಕ್ಕೂ ರೊಕ್ಕ ಕೀಳುತ್ತಾರೆ. ಬಿಲ್ ಹಿಡಿದು ನಿಮ್ಮ ಟೇಬಲ್ಲಿಗೆ ಬಂದವನಿಗೆ ಹೊರಗೆ ಕೂರು ಅನ್ನುವ ಮೊದಲು ಇಷ್ಟು ತಿಳಿಸಿ ಹೇಳಿರಿ. ದೊಡ್ಡ ಗುತ್ತಿಗೆಯೊಂದನ್ನು ಹೊರಗಿನ ಒಬ್ಬನಿಗೆ ಕೊಡುವ ಬದಲು, ನಿಯಮದೊಳಗೆ ಸಾಧ್ಯವಿದ್ದಲ್ಲಿ, ಸಣ್ಣ ಸಣ್ಣ ತುಂಡು ಮಾಡಿ ಊರವರಿಗೆ ಕೊಡಿರಿ.

ವ್ಯಾಪಾರದ ಮಾತು ಸಾಕು. ಓಣಿಯ ಮುಂದಾಳುಗಳ ಮಾತಿಗೆ ಬರುತ್ತೇನೆ.

ಫ್ಲೆಕ್ಸ್ ಬ್ಯಾನರಿನಲ್ಲಿ ಕೈಮುಗಿದು ನಿಂತವರನ್ನು ನಾನು ಹೇಳುತ್ತಿಲ್ಲ. ನಳದಲ್ಲಿ ನೀರು ಬಾರದ ದಿನ ನಾಲ್ಕು ಜನ ಹೆಂಗಸರನ್ನು ಕರೆದುಕೊಂಡು ಪುರಸಭೆಯ ಮೆಟ್ಟಿಲು ಹತ್ತುವವಳು. ಸಂಘದ ಪುಸ್ತಕ ಹಿಡಿದು ಬ್ಯಾಂಕಿನ ಸರದಿಯಲ್ಲಿ ನಿಲ್ಲುವವಳು. ರಾತ್ರಿ ಹೆರಿಗೆ ನೋವೆಂದರೆ ತನ್ನ ಆಟೊ ತೆಗೆಯುವವನು. ಚಿಂಚೋಳಿ ಕಡೆಯ ತಾಂಡಾಗಳಲ್ಲಿ ನಾಯಕ, ಡಾವೊ, ಕಾರಭಾರಿ ಎಂದು ಹಿಂದಿನಿಂದ ಬಂದ ವ್ಯವಸ್ಥೆಯೇ ಇದೆ, ವ್ಯಾಜ್ಯ ಬಿಡಿಸುವುದರಿಂದ ಹಿಡಿದು ದುಡಿಯಲು ಹೋದವರ ಮನೆಯ ಮುದುಕರನ್ನು ನೋಡುವವರೆಗೆ ಅವರದೇ ಹೊಣೆ. 2020ರ ಮಾರ್ಚ್ ತಿಂಗಳಲ್ಲಿ ದೇಶದಲ್ಲಿ ಕೋವಿಡ್‌ನಿಂದ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯವರೇ. ಆಮೇಲೆ ಓಣಿಗಳಿಗೆ ಬೊಂಬು ಕಟ್ಟಿದರು. ಆ ಬೊಂಬಿನ ಒಳಗೆ ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ಮುಗಿದಿದೆ, ಯಾರ ಮನೆಯಲ್ಲಿ ಹಿಟ್ಟು ಇಲ್ಲ ಎಂಬುದು ಯಾವ ಕಚೇರಿಯ ಕಡತದಲ್ಲೂ ಇರಲಿಲ್ಲ, ಈ ಜನರ ಬಾಯಿಪಾಠದಲ್ಲಿತ್ತು. ಮುಂಬೈ, ಪುಣೆಯಿಂದ ಸಾವಿರಗಟ್ಟಲೆ ಜನ ತಿರುಗಿ ಬಂದಾಗ ಸಾಲಿಯೊಳಗೆ ಇಳಿಸಿ ಅನ್ನ ಹಾಕಿದವರಲ್ಲೂ ಇವರಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಭೀಮಾ, ಕಾಗಿಣಾ ಉಕ್ಕಿದವು. ಕಾಗಿಣಾ ಏರಿ ಮಳಖೇಡದ ಸೇತುವೆ ಮುಳುಗಿದರೆ ಸೇಡಂ-ಕಲಬುರಗಿ ದಾರಿಯೇ ಬಂದ್. ಆಗ ದಂಡೆಯ ಮನೆಗಳಿಗೆ ಮೊದಲು ಮುಟ್ಟುವವರು ಪಕ್ಕದ ಓಣಿಯವರೇ.

ಇಂಥವರ ತೊಂದರೆ ಏನೆಂದರೆ ಅವರಿಗೆ ಕೂರಲು ಕುರ್ಚಿ ಇಲ್ಲ. ಕಚೇರಿಗೆ ಹೋದರೆ ಮೊದಲ ಪ್ರಶ್ನೆ "ನೀ ಯಾರಬೇ?" ದೊಡ್ಡ ನಗರಗಳಲ್ಲಿ ವಾರ್ಡ್ ಸಮಿತಿ ಎಂದಾದರೂ ಇದೆ. ಸಂವಿಧಾನದ 243(ಎಸ್) ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ನಮ್ಮ ಐದೂರುಗಳಲ್ಲಿ ಒಂದೂ ಆ ಲೆಕ್ಕದ ಹತ್ತಿರ ಬರುವುದಿಲ್ಲ. ಹಳ್ಳಿಗೆ ಗ್ರಾಮಸಭೆ ಇದೆ, ಬೆಂಗಳೂರಿಗೆ ವಾರ್ಡ್ ಸಮಿತಿ ಇದೆ. ನಡುವಿನ ಸೇಡಂ, ಶಹಾಬಾದಿನ ಓಣಿಗೆ ಎರಡೂ ಇಲ್ಲ.

ಆದರೆ ಒಂದು ಕಡೆ ಕುರ್ಚಿ ಇದೆ, ಅದನ್ನು ನಾವು ಕೇಳುತ್ತಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಎಲ್ಲ ಪಟ್ಟಣ, ನಗರಗಳಿಗೂ ಅನ್ವಯ, ಸಣ್ಣದು ದೊಡ್ಡದು ಎಂಬ ಭೇದವಿಲ್ಲ. ಆ ಕಾಯ್ದೆ ಸುಮ್ಮನೆ ಬಂದದ್ದಲ್ಲ. ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ಕಟ್ಟಿದ ಸೇವಾ ಸಂಘದ ತರಕಾರಿ ಮಾರುವ ಹೆಂಗಸರು ಹೋರಾಡಿದ್ದರು. 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೀದಿಯಲ್ಲಿ ವ್ಯಾಪಾರ ಮಾಡುವುದೂ ಉದ್ಯೋಗದ ಹಕ್ಕಿನೊಳಗೆ ಬರುತ್ತದೆ, ಸರ್ಕಾರ ಅದಕ್ಕೆ ನಿಯಮ ಹಾಕಬಹುದು ಎಂದಿತ್ತು. ಕಾಯ್ದೆಯ ಪ್ರಕಾರ ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಶೇ 40 ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳಿರಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ಅದು ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಜಾಗ ಬದಲಿಸಬೇಕಾದರೆ 30 ದಿನದ ನೋಟಿಸು. ಮಾಲು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೊಡಬೇಕು; ದಂಡ ಕಟ್ಟಿ ಕೇಳಿದಾಗ ಕೊಳೆಯುವ ಮಾಲು ಅದೇ ದಿನ, ಉಳಿದದ್ದು ಎರಡು ಕೆಲಸದ ದಿನದೊಳಗೆ ವಾಪಸು. ಊರ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕೆಂಬ ಮಾನದಂಡವೂ ಅದರಲ್ಲಿದೆ. 40,000 ಜನರ ಊರೆಂದರೆ 1,000 ವ್ಯಾಪಾರಿಗಳು.

ಇದರಲ್ಲಿ ನಿಮಗೂ ಜಾಗವಿದೆ. ನಿವಾಸಿಗಳ ಸಂಘ, ವರ್ತಕರ ಸಂಘ, ಬ್ಯಾಂಕು, ಇವರೆಲ್ಲರ ಪ್ರತಿನಿಧಿಗಳೂ ಆ ಸಮಿತಿಯಲ್ಲಿ ಕೂರಬಹುದು. ಆದ್ದರಿಂದ ನಿಮ್ಮೂರ ಪುರಸಭೆಗೆ ಅಥವಾ ನಗರಸಭೆಗೆ ಹೋಗಿ ಮೂರು ಪ್ರಶ್ನೆ ಕೇಳಿರಿ. ಸಮಿತಿ ಇದೆಯೇ? ಅದರ ಚುನಾವಣೆ ಯಾವಾಗ ಆಯಿತು? ಕೊನೆಯ ಸಭೆಯ ನಡಾವಳಿ ತೋರಿಸುತ್ತೀರಾ? ಇವೇ ಪ್ರಶ್ನೆಗಳನ್ನು ಬಾಳೆಹಣ್ಣು ಮಾರುವವಳು ಕೇಳಿದರೆ ನಾಳೆ ಅವಳ ಬುಟ್ಟಿ ಉಳಿದೀತೋ ಇಲ್ಲವೋ. ನೀವು ಕೇಳಿದರೆ ಗುಮಾಸ್ತ ಕಡತ ಹುಡುಕುತ್ತಾನೆ. ಪುರಸಭೆಯ ನೌಕರರೂ ಈ ಪತ್ರ ಓದುತ್ತಿದ್ದೀರಿ. ಕಡತ ಮೊದಲೇ ತೆಗೆದಿಟ್ಟರೆ ಒಳ್ಳೆಯದು.

ಬ್ಯಾಂಕಿನವರಿಗೆ ಒಂದು ಮಾತು. 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲದ ಮೊದಲ ಕಂತು ಆಗ 10,000 ರೂಪಾಯಿ ಇತ್ತು. 2025ರಲ್ಲಿ ಯೋಜನೆಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿ ಮೊದಲ ಕಂತು 15,000, ಎರಡನೆಯದು 25,000 ಮಾಡಿದರು, ಮೂರನೆಯದು ಮೊದಲಿನಂತೆ 50,000. ಅಡಮಾನ ಇಲ್ಲ, ಸರಿಯಾಗಿ ತೀರಿಸಿದವರಿಗೆ ಶೇ 7ರ ಬಡ್ಡಿ ಸಹಾಯಧನ. ಸಮೀಕ್ಷೆಯಲ್ಲಿ ಹೆಸರಿಲ್ಲದವರು ಸ್ಥಳೀಯ ಸಂಸ್ಥೆಯಿಂದ ಶಿಫಾರಸು ಪತ್ರ ತರಬೇಕು. ಆ ಪತ್ರ ಎಲ್ಲಿ, ಯಾರ ಹತ್ತಿರ ಸಿಗುತ್ತದೆ ಎಂದು ನಿಮ್ಮ ಕೌಂಟರಿನ ಮುಂದೆ ನಿಂತವಳಿಗೆ ಕನ್ನಡದಲ್ಲಿ ತಿಳಿಸಿರಿ. ಉರ್ದುವಿನಲ್ಲಿ, ಲಂಬಾಣಿಯಲ್ಲಿ ಹೇಳಬಲ್ಲವರು ಇದ್ದರೆ ಇನ್ನೂ ಒಳಿತು. ಸರ್ವರ್ ಡೌನ್ ಎಂಬ ಮಾತು ಸ್ವಲ್ಪ ಕಡಿಮೆ ಆಗಲಿ.

ಎಚ್ಚರಿಕೆಯ ಮಾತೊಂದಿದೆ. ಓಣಿಯ ಕೆಲಸಕ್ಕೆ ನೌಕರಿದಾರರು ಬಂದಾಗಲೆಲ್ಲ ನಾನು ಕಂಡದ್ದೇನೆಂದರೆ, ಎರಡನೆಯ ಸಭೆಗೆ ಮೈಕು ನಮ್ಮ ಕೈಗೆ ಬರುತ್ತದೆ, ಮೂರನೆಯದಕ್ಕೆ ಅಧ್ಯಕ್ಷತೆ. ನಾಲ್ಕನೆಯ ಸಭೆಗೆ ಆ ಹೆಂಗಸರು ಬರುವುದೇ ಇಲ್ಲ. ದಯವಿಟ್ಟು ಮುಂದಾಳು ಆಗಲು ಹೋಗಬೇಡಿರಿ. ಅವರು ಈಗಾಗಲೇ ಮುಂದಾಳುಗಳು. ನಿಮ್ಮಿಂದ ಬೇಕಾದದ್ದು ಅರ್ಜಿ ಬರೆಯುವ ಕೈ, ಕಲಂ ಓದಿ ಹೇಳುವ ಕಣ್ಣು, ಕಚೇರಿಯಲ್ಲಿ ಅವರ ಪಕ್ಕದಲ್ಲಿ ನಿಲ್ಲುವ ಮೈ. ಮಾತು ಅವರೇ ಆಡಲಿ. ಅವರ ಕನ್ನಡ ಒರಟಿದ್ದರೂ ವಿಷಯ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ನೀವು ಬೇರೆ ಜಿಲ್ಲೆಯವರಿರಬಹುದು, ವರ್ಗವಾಗಿ ಬಂದು ವರ್ಗವಾಗಿ ಹೋಗುವವರಿರಬಹುದು. ವಾಡಿ ಅಂಥ ಊರೇ ತಾನೆ? 1874ರಲ್ಲಿ ಹೈದರಾಬಾದಿನ ರೈಲು ಮಾರ್ಗ ಬಂದು ಮುಂಬೈ ಮಾರ್ಗಕ್ಕೆ ಕೂಡಿದ ಮೇಲೆ ಬಂದವರು ಹೋದವರಿಂದಲೇ ಬೆಳೆದ ಊರು. ಇರುವಷ್ಟು ದಿನ ಊರಿನವರಾಗಿರಿ ಎಂದಷ್ಟೇ ಕೇಳುತ್ತೇನೆ.

ನಿಮ್ಮಲ್ಲಿ ಈಗಾಗಲೇ ಇದನ್ನೆಲ್ಲ ಮಾಡುವವರಿದ್ದೀರಿ. ಮಗಳ ಸಾಲಿ ಡ್ರೆಸ್ಸನ್ನು ಓಣಿಯ ದರ್ಜಿಗೇ ಕೊಡುವ ನರ್ಸಮ್ಮನವರನ್ನು, ನಿವೃತ್ತಿಯ ಮೇಲೆ ವ್ಯಾಪಾರಿಗಳ ಅರ್ಜಿ ತುಂಬಿಕೊಡುವ ರೈಲ್ವೆ ಗಾರ್ಡ್ ಒಬ್ಬರನ್ನು ನಾನು ಬಲ್ಲೆ. ಅವರಿಗೆ ಈ ಪತ್ರದ ಅಗತ್ಯವಿಲ್ಲ. ಪಕ್ಕದ ಮನೆಯವರಿಗೆ ಓದಿ ಹೇಳಿದರೆ ಸಾಕು.

ಉಳಿದವರಲ್ಲಿ ಕೈಮುಗಿದು ಕೇಳುವುದು ಇಷ್ಟು. ಈ ತಿಂಗಳ ಪಗಾರ ಬಿದ್ದ ದಿನ ಓಣಿಯ ಅಂಗಡಿಯ ಬಾಕಿ ಇದ್ದರೆ ತೀರಿಸಿ, ಮುಂದಿನ ತಿಂಗಳ ಕಿರಾಣಿ ಚೀಟಿಯನ್ನು ಅಲ್ಲೇ ಕೊಟ್ಟು ಬನ್ನಿರಿ. ನಿಮ್ಮ ಮೇಜಿನ ಮೇಲೆ ಸಣ್ಣವರ ಬಿಲ್ಲು ಬಿದ್ದಿದ್ದರೆ ನಾಳೆಯೇ ಸಹಿ ಮಾಡಿರಿ. ನಿಮ್ಮೂರ ಪುರಸಭೆಯ ಮುಂದಿನ ಸಾಮಾನ್ಯ ಸಭೆಗೆ ಮೊದಲು, ನಿಮ್ಮ ಓಣಿಯ ಒಬ್ಬ ಬೀದಿ ವ್ಯಾಪಾರಿಯ ಅರ್ಜಿಯನ್ನು ನಿಮ್ಮ ಕೈಬರಹದಲ್ಲಿ ಬರೆದು, ಅವರ ಜೊತೆ ಹೋಗಿ ಸಲ್ಲಿಸಿ, ಸ್ವೀಕೃತಿಯ ಸಿಕ್ಕಾ ಹಾಕಿಸಿಕೊಂಡು ಬನ್ನಿರಿ.

ಇತಿ ತಮ್ಮ ವಿಶ್ವಾಸಿ,
ಕಿರಾಣಿ ಅಂಗಡಿಯವರ ಮನೆಯಲ್ಲಿ ಹುಟ್ಟಿ ಸರ್ಕಾರಿ ಪಗಾರದಲ್ಲಿ ಬದುಕಿದ
ಒಬ್ಬ ನಿವೃತ್ತ ಶಿಕ್ಷಕ, ಶಹಾಬಾದ್